ಆ ದಂಡೆಗೆ ಮುಟ್ಟಿದ ಮಾತು

ನಮ್ಮೂರಿನಲ್ಲಿ ಹೊಳೆಯ ಈ ದಂಡೆಯಲ್ಲಿ ನಿಂತು ಕೂಗಿದ ಮಾತು ಆ ದಂಡೆಗೆ ಮುಟ್ಟುವುದು ಮರುದಿನ, ಅದೇ ಹೊತ್ತಿಗೆ. ಅಲ್ಲಿಯ ಮಾತು ಇಲ್ಲಿಗೆ ಬರುವುದೂ ಹಾಗೆಯೇ. ಹೊಳೆ ಅಂಥ ಅಗಲವೇನೂ ಅಲ್ಲ. ಆಚೆ ಬಟ್ಟೆ ಒಗೆಯುವ ಹೆಂಗಸಿನ ಸೆರಗಿನ ಬಣ್ಣ ಈಚೆಗೆ ಕಾಣುತ್ತದೆ. ಅವಳು ಬಟ್ಟೆಯನ್ನು ಕಲ್ಲಿಗೆ ಬಡಿಯುವುದು ಇವತ್ತು ಕಾಣುತ್ತದೆ, ಸದ್ದು ಕೇಳುವುದು ನಾಳೆ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಮೊದಮೊದಲು ತಲೆ ತಿರುಗಿದಂತಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಈ ಮನೆಗೆ ನಡೆದುಬಂದಾಗ ನನಗೂ ಹಾಗೇ ಆಗಿತ್ತು.

ಹೊಳೆಯ ನಟ್ಟನಡುವೆ ಎರಡು ದೇಶಗಳ ಗಡಿ. ಭಾಷೆ ಒಂದೇ, ಆಚೆಯವರು ಸ್ವಲ್ಪ ಮೆತ್ತಗೆ ಆಡುತ್ತಾರೆ ಅಷ್ಟೇ. ಅವರದು ಉಣ್ಣೆ ಮತ್ತು ಕಲ್ಲುಪ್ಪು, ನಮ್ಮದು ಬೆಲ್ಲ. ಸೇತುವೆ ಇಲ್ಲದ ಕಾಲದಲ್ಲಿ ಎರಡೂ ಕಡೆ ಒಂದೊಂದು ಕೂಗಿನ ಮನೆತನವಿತ್ತು. ಈ ಕಡೆಯದು ನನ್ನ ಗಂಡನ ಮನೆ. ಇವತ್ತು ನಮ್ಮವರು ಬೆಲ್ಲದ ದರ ಕೂಗಿದರೆ ನಾಳೆ ಅವರಿಗೆ ಕೇಳಬೇಕು, ಅವರ ಉತ್ತರ ನಮಗೆ ನಾಡಿದ್ದು ಬರಬೇಕು. ಅಷ್ಟರಲ್ಲಿ ಸಿಟ್ಟಿನವರ ಸಿಟ್ಟೂ ಇಳಿದಿರುತ್ತಿತ್ತು. ಆಮೇಲೆ ಎರಡು ರಾಜಧಾನಿಗಳ ನಡುವೆ ಒಪ್ಪಂದವಾಗಿ, ಅರ್ಧ ಅವರು ಅರ್ಧ ನಾವು ಎಂದು ಸೇತುವೆ ಕಟ್ಟಿದರು. ಸುಂಕದ ಕಟ್ಟೆ ಬಂತು, ಎತ್ತಿನ ಗಾಡಿ ಹೋಗಿ ಲಾರಿ ಬಂದವು. ಆಗ ಆಚೆಯ ಕೂಗಿನ ಮನೆತನದ ಹುಡುಗ ನರೂಬ ನಮ್ಮ ಮನೆಯಲ್ಲೇ ಇದ್ದು ನನ್ನ ಮಾವ ಕಾಡಪ್ಪನಿಂದ ವಿದ್ಯೆ ಕಲಿತನಂತೆ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಗಾಳಿ ಎದುರಾದರೆ ಮಾತನ್ನು ಹೇಗೆ ಎತ್ತಿ ಹಾಕಬೇಕು ಎಂಬುದೆಲ್ಲ. ಮಾವನ ಮಗಳು ಬಾಳವ್ವ ಆಗ ಕೂಸು. ನರೂಬನ ಹೆಗಲ ಮೇಲೆ ಕೂತೇ ಅವಳೂ ಕಲಿತಳು. ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು. ಮುಂದೆ ಅವಳಂಥ ದನಿ ಎರಡೂ ದಂಡೆಯಲ್ಲಿ ಇರಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವಳು ಗಂಡನನ್ನು ಕಳೆದುಕೊಂಡು ತವರಿಗೇ ಬಂದಿದ್ದಳು. ಈ ಕಥೆ ಅವಳದು.

ಜಗಳ ಯಾಕೆ ಬಂತೆಂದು ನಮ್ಮೂರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರಾಜಧಾನಿಯಲ್ಲಿ ಅಚ್ಚಾದ ಒಂದು ನಕಾಶೆಯಲ್ಲಿ ಇಡೀ ಹೊಳೆಗೆ ನಮ್ಮ ಬಣ್ಣ ಹಚ್ಚಿದ್ದರಂತೆ. ಅವರ ಪತ್ರಿಕೆಗಳು ಏನೋ ಬರೆದವು, ನಮ್ಮವರು ಅದಕ್ಕೆ ಏನೋ ಅಂದರು. ಒಂದು ಬೆಳಿಗ್ಗೆ ಸೇತುವೆಗೆ ಸರಪಳಿ ಬಿತ್ತು. ಅವರ ಉಣ್ಣೆ ಅವರ ಮನೆಗಳಲ್ಲೇ ಹುಳ ಹಿಡಿಯಿತು. ನಮ್ಮ ಬೆಲ್ಲ ಮಳೆಗಾಲಕ್ಕೆ ಕರಗಿ ಉಗ್ರಾಣದ ನೆಲವೆಲ್ಲ ಅಂಟಂಟಾಯಿತು. ವ್ಯಾಪಾರ ನಿಂತರೂ ಕೂಗು ನಿಲ್ಲಲಿಲ್ಲ. ಊರಿಗೆ ಬಂದ ಹೊಸ ಕಮಿಷನರ್ ಸಾಹೇಬರು ದಿನಾ ಸಂಜೆ ಒಂದು ಕಾಗದ ಬರೆದು ಕೊಡುತ್ತಿದ್ದರು, ಬಾಳವ್ವ ಅದನ್ನು ದಂಡೆಯ ಕಲ್ಲಿನ ಮೇಲೆ ನಿಂತು ಕೂಗುತ್ತಿದ್ದಳು. ನೀವು ಮೋಸಗಾರರು, ನೀವು ಹೇಡಿಗಳು, ನಿಮ್ಮ ಉಣ್ಣೆಗಿಂತ ನಮ್ಮ ನಾಯಿಯ ಕೂದಲು ವಾಸಿ, ಇಂಥವು. ಅದೇ ಹೊತ್ತಿಗೆ ಆ ದಂಡೆಯಿಂದ ನಿನ್ನೆಯ ಬೈಗುಳ ಬರುತ್ತಿತ್ತು, ಓದುವವನು ನರೂಬ. ಜನ ಇದಕ್ಕೂ ಹೊಂದಿಕೊಂಡರು. ಸಂಜೆಯಾದರೆ ಮಕ್ಕಳುಮರಿ ಕಟ್ಟಿಕೊಂಡು ದಂಡೆಗೆ ಹೋಗುವುದೇ ಒಂದು ಸಂಭ್ರಮವಾಯಿತು. ಮಿರ್ಚಿ ಭಜಿಯ ಗಾಡಿಗಳು ಸಾಲಾಗಿ ನಿಂತವು.

ಬರೀ ಕಾಗದ ಓದಿದರೆ ಜನಕ್ಕೆ ಸಾಕಾಗುತ್ತಿರಲಿಲ್ಲ. ಒಂದು ದಿನ ಬಾಳವ್ವ ಕೊನೆಗೆ ತನ್ನದೊಂದು ಮಾತು ಸೇರಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವಳು ಸೇರಿಸುವ ಮಾತಿಗಾಗಿಯೇ ಕಾಯತೊಡಗಿದರು. ಗಂಡ ಸತ್ತ ಮೇಲೆ ಊರಿನವರು ತನ್ನ ಮುಖ ನೋಡಿ ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಈಗ ದಾರಿಯಲ್ಲಿ ಹೋದರೆ, "ಬಾಳವ್ವಾ, ನಿನ್ನಿ ಭಾಳ ಚಲೋ ಹಾಕಿದಿ ನೋಡು," ಎನ್ನುತ್ತಿದ್ದರು. ಅವಳ ಮುಖ ಅರಳುತ್ತಿತ್ತು.

ಅಂಥ ಒಂದು ಚಳಿಗಾಲದ ಸಂಜೆ ಆಚೆಯಿಂದ ಬೈಗುಳ ಬರಲಿಲ್ಲ. ನರೂಬನ ದನಿ ಬಂತು, ಆದರೆ ಅದು ಓದುವ ದನಿಯಾಗಿರಲಿಲ್ಲ.

"ಬಾಳವ್ವ, ನನ್ನ ಮಗಳು ಆಸಿನಾಗೆ ಜ್ವರ ತಲೆಗೇರಿದೆ ಕಣಮ್ಮ. ಇಲ್ಲಿ ಔಷಧ ಮುಗಿದುಹೋಗಿದೆ. ನಿಮ್ಮ ಆಸ್ಪತ್ರೇಲಿ ಇದೆಯಂತೆ. ಸೇತುವೆ ಮಧ್ಯಕ್ಕೆ ತಂದಿಟ್ಟರೂ ಸಾಕು, ನಾನೇ ಬಂದು ತಗೋತೀನಿ."

ಬಾಳವ್ವ ಕಮಿಷನರರ ಮುಖ ನೋಡಿದಳು.

"ಇದಕ್ಕ ಉತ್ತರ ಬ್ಯಾಡ," ಎಂದರು ಅವರು. "ಇದೂ ಅವರ ಒಂದು ಆಟ ಇದ್ದೀತು. ಕಾಗದದಾಗ ಇದ್ದದ್ದಷ್ಟ ಓದು."

ಅವಳು ಕಾಗದ ಓದಿದಳು. ಆ ಮಾತು ಮರುದಿನವೂ ಬಂತು, ಅದರ ಮರುದಿನವೂ ಬಂತು. ಆಮೇಲೆ ನಿಂತುಹೋಯಿತು. ಮತ್ತೆ ಬೈಗುಳ ಶುರುವಾಯಿತು. ಆ ಹುಡುಗಿ ಉಳಿದಳೋ ಇಲ್ಲವೋ, ಕೂಗಿ ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಬೇಸಿಗೆ ಬಂತು. ಒಂದು ಸಂಜೆ ಆಚೆಯಿಂದ ನಮ್ಮ ಬೆಲ್ಲದಲ್ಲಿ ಮರಳು ಇದೆ, ಅದನ್ನು ತಮ್ಮ ಕತ್ತೆಗಳೂ ಮೂಸುವುದಿಲ್ಲ ಎಂಬ ಮಾತು ಬಂದಿತ್ತು. ಕಮಿಷನರರ ಉತ್ತರ ಸಪ್ಪೆಯಾಗಿತ್ತು. ಬಾಳವ್ವ ಓದಿ ಮುಗಿಸಿದಾಗ ಹಿಂದಿನಿಂದ ಯಾರೋ, "ಏನವಾ, ಇವತ್ತ ಉಪ್ಪಿಲ್ಲ ಖಾರಿಲ್ಲ," ಎಂದರು. ಆಚೆ ದಂಡೆಯಲ್ಲಿ ನರೂಬ ಎರಡೂ ಕೈ ಎತ್ತಿ ಏನನ್ನೋ ಕೂಗುತ್ತಿರುವುದು ಕಾಣುತ್ತಿತ್ತು. ಅವನ ಸುತ್ತಲಿನ ಜನ ಕುಣಿಯುತ್ತಿದ್ದರು. ನಮ್ಮನ್ನು ಅಣಕಿಸುತ್ತಿದ್ದಾರೆ ಎಂದು ನಮಗೆಲ್ಲ ಅನ್ನಿಸಿತು. ಬಾಳವ್ವ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಉಸಿರು ತುಂಬಿಕೊಂಡಳು.

"ನರೂಬ ಕಾಕಾ, ನಮ್ಮ ಬೆಲ್ಲ ಬ್ಯಾಡಾದ್ರ ಬಿಡು. ಮಗಳಿಗೆ ಜ್ವರ ಬಂದಾಗ ನಮ್ಮ ಔಷಧ ಹೆಂಗ ಬೇಕಾಗಿತ್ತು? ಹೊಳಿ ತುಂಬ ನೀರೈತಿ, ಅದನ್ನ ಕುಡಿಸು."

ನಮ್ಮ ಇಡೀ ದಂಡೆ ನಕ್ಕಿತು. ಭಜಿಯವನು ಕರಿದದ್ದನ್ನು ಎತ್ತುವ ಜಾರೆಯಿಂದ ಬಾಣಲೆ ಬಡಿದ. ಬಾಳವ್ವನೂ ನಕ್ಕು ಕಲ್ಲಿನಿಂದ ಇಳಿದಳು.

ಮರುದಿನ ಬೆಳಿಗ್ಗೆ ಕಮಿಷನರ್ ಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಮ್ಮ ಮನೆಗೇ ಬಂದರು. ರಾಜಧಾನಿಯಿಂದ ಆಗಷ್ಟೇ ಫೋನ್ ಬಂದಿತ್ತಂತೆ. ಒಪ್ಪಂದವಾಗಿದೆ. ಅವರ ಬೆಟ್ಟದ ಮೇಲೆ ತಯಾರಾಗುವ ಕರೆಂಟು ನಮಗೆ ಬೇಕಾಗಿದೆ, ಅವರಿಗೆ ನಮ್ಮ ಬಂದರಿನ ದಾರಿ ಬೇಕಾಗಿದೆ. ಮಧ್ಯಾಹ್ನ ನಮ್ಮ ಕಡೆಯವರೆಲ್ಲ ಆ ದಂಡೆಗೆ ಹೋಗಬೇಕು, ಅಲ್ಲಿ ಸಹಿ, ಊಟ.

"ಬಾಳವ್ವ, ನೀ ಶುಭಾಶಯದ ನುಡಿ ಓದಬೇಕು," ಎಂದರು. "ಬೆಲ್ಲದ ಪೆಂಟಿ ಹೊತ್ತಗೊಂಡು ನಾಕು ಮಂದಿ ಹೆಣ್ಣಮಕ್ಕಳೂ ಬರ್ರಿ."

ಬಾಳವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಸಾಹೇಬ್ರ, ನಿನ್ನಿ ಮಾತು?"

"ಯಾವ ಮಾತು?"

"ನಿನ್ನಿ ಸಂಜೀಕ ಕೂಗಿದ್ದು. ಇವತ್ತ ಸಂಜೀಕ ಅಲ್ಲಿ ಮುಟ್ಟತೈತಲ್ರಿ."

ಅವರು ನಕ್ಕರು. "ಅಷ್ಟೊತ್ತಿಗೆ ನಾವು ಹೊಳ್ಳಿ ಬಂದಿರ್ತೀವಿ ಬಿಡು."

ಸರಪಳಿ ತೆಗೆದ ಸೇತುವೆಯ ಮೇಲೆ ನಾವು ಸಾಲಾಗಿ ನಡೆದೆವು. ನನ್ನ ತಲೆಯ ಮೇಲೆ ಬೆಲ್ಲದ ದೊಡ್ಡ ಉಂಡೆಯಿತ್ತು. ಬಾಳವ್ವ ಪಕ್ಕದಲ್ಲಿ ಬರುತ್ತಿದ್ದಳು.

"ಹೋದ ಕೂಡಲೆ ನರೂಬನ ಮುಂದ ಇದ್ದದ್ದ ಇದ್ದಂಗ ಹೇಳಿಬಿಡು," ಎಂದೆ. "ಹಿಂದಕಿನವ್ರು ಹಂಗ ಮಾಡತಿದ್ರಂತ ಮಾವ ಹೇಳತಿದ್ದರು. ಮಾತು ಮುಟ್ಟೂಕಿಂತ ಮೊದಲ ಮನಷ್ಯಾ ಮುಟ್ಟಿದ್ರ ಅರ್ಧ ಸಿಟ್ಟು ಅಲ್ಲೇ ಹೋಗತೈತಿ."

"ಹೂಂ ವೈನಿ. ಹೇಳತೀನಿ," ಎಂದಳು.

ಸೇತುವೆಯ ಆ ತುದಿಯಲ್ಲಿ ನರೂಬ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಳವ್ವ ಕಾಲು ಮುಟ್ಟಲು ಬಗ್ಗಿದರೆ ಅವನು ಹಿಡಿದೆತ್ತಿ, "ಕಾಡಪ್ಪನವರ ಮಗಳು, ನೋಡಿ," ಎಂದು ಸುತ್ತಲಿನವರಿಗೆಲ್ಲ ತೋರಿಸಿದ. ಸಹಿ ಹಾಕಬೇಕಾದ ಅವರ ಮಂತ್ರಿಯ ಕಾರು ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಎಲ್ಲರಿಗೂ ದಂಡೆಯ ಮೇಲಿನ ಅವನ ಮನೆಯಲ್ಲೇ ವ್ಯವಸ್ಥೆಯಾಗಿತ್ತು. ಅಂಗಳದಲ್ಲಿ ಕಂಬಳಿ ಹಾಸಿದ್ದರು. ಇಪ್ಪತ್ತರ ಆಸುಪಾಸಿನ ತೆಳ್ಳಗಿನ ಹುಡುಗಿಯೊಬ್ಬಳು ಕಾಲಿಗೆ ನೀರು ತಂದಿಟ್ಟು ನಕ್ಕಳು.

"ನಮ್ಮ ಆಸಿನಾ," ಎಂದ ನರೂಬ.

ಬಾಳವ್ವ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. "ಹುಡುಗಿ ಬದುಕ್ಯಾಳ, ವೈನಿ," ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಅವಳ ಕಣ್ಣಲ್ಲಿ ನೀರಾಡಿತು. ಆ ಗಳಿಗೆಯಲ್ಲಿ ಅವಳಿಗೆ ಎಲ್ಲವೂ ಹಗುರಾದಂತೆ ಅನ್ನಿಸಿರಬೇಕು. ಹುಡುಗಿಯ ಬೆನ್ನು ಸವರಿ, "ಆರಾಮ ಆದೇನವಾ?" ಎಂದು ಕೇಳಿದಳು. ಹುಡುಗಿ ತಿರುಗಲಿಲ್ಲ, ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ನರೂಬನ ಹೆಂಡತಿ ಸೆಹೆಲಿ ಹತ್ತಿರ ಬಂದಳು. "ಎದುರಿಗೆ ನಿಂತು ನಿಧಾನಕ್ಕೆ ಹೇಳ್ಬೇಕು ಕಣಮ್ಮ. ಜ್ವರ ಅವಳ ಕಿವಿ ತಗೊಂಡು ಹೋಯ್ತು. ತುಟಿ ನೋಡಿ ತಿಳ್ಕೋತಾಳೆ."

ಆ ಮಾತಿನಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ. ಮಳೆ ಜಾಸ್ತಿಯಾಗಿ ಬೆಳೆ ಹೋಯಿತು ಎನ್ನುವ ಹಾಗೆ ಹೇಳಿ, ನಮಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ಬಯ್ದಿದ್ದರೆ ಬಾಳವ್ವ ಅಲ್ಲೇ ಬಾಯಿಬಿಡುತ್ತಿದ್ದಳೋ ಏನೋ. ಮಜ್ಜಿಗೆಯ ಲೋಟ ಹಿಡಿದುಕೊಂಡು ಅವಳು, "ಕಾಕಾ, ಒಂದ ಮಾತು," ಎಂದು ಶುರುಮಾಡಿದಳು. ನರೂಬ, "ಹೇಳು ಮಗ," ಎಂದ. "ನಿಮ್ಮ ಕೂದಲೆಲ್ಲ ಬೆಳ್ಳಗಾಗ್ಯಾವು," ಎಂದಳು. ಇನ್ನೊಮ್ಮೆ ಶುರುಮಾಡಿದಾಗ ಉಣ್ಣೆಯ ದರ ಕೇಳಿದಳು. ನಾನು ತಿವಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ಹೊತ್ತು ಇಳಿಯತೊಡಗಿತು. ಮಂತ್ರಿಯ ಕಾರು ಘಟ್ಟದಲ್ಲಿ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಬಾಳವ್ವ ಕಮಿಷನರರ ಹತ್ತಿರ ಹೋಗಿ, "ಹೋಗೂಣ್ರಿ, ಕತ್ತಲಾಕ್ಕೈತಿ," ಎಂದಳು. ಸಹಿಯಾಗದೆ ಹೋಗುವುದು ಹೇಗೆ ಎಂದು ಅವರು ಗದರಿದರು. ಸಮಾರಂಭಕ್ಕೆ ಬಂದಿದ್ದ ಬಾಜಾದವರಿಗೆ ಬಾರಿಸಲು ಹೇಳಿ ಎಂದಳು. ಬಾಜಾದವರು ಊಟಕ್ಕೆ ಹೋಗಿದ್ದರು. ಅಂಗಳದಲ್ಲಿ ಎಲೆ ಹಾಕಿದಾಗ, "ಒಳಗ ಕೂಡೂಣ ಕಾಕಾ, ಹೊರಗ ಥಂಡಿ ಐತಿ," ಎಂದಳು. ಬೇಸಿಗೆಯ ಸಂಜೆ, ಎಲ್ಲರೂ ಬೆವರುತ್ತಿದ್ದೆವು.

"ಇಲ್ಲೇ ಚೆನ್ನಾಗಿದೆ," ಎಂದ ನರೂಬ. "ಕೂಗು ಬರೋ ಹೊತ್ತು. ನೀನು ನಿನ್ನೆ ಏನು ಹೇಳಿದ್ದೀಯೋ ಕೇಳೋಣ. ನಮಗೆ ನಿನ್ನೆ ಮಧ್ಯಾಹ್ನವೇ ಒಪ್ಪಂದದ ಸುದ್ದಿ ಬಂದಿತ್ತು. ನಾನು ಕಾಗದ ಬಿಸಾಡಿ, ನಮ್ಮಲ್ಲೇ ಊಟಕ್ಕೆ ಬಾ ಅಂತ ನಿನ್ನನ್ನ ಕೂಗಿ ಕರೆದೆ. ನೀವೂ ಏನೋ ಕೂಗ್ತಿದ್ರಿ. ನಿಮ್ಮ ಜನ ನಗೋದು ಕಾಣ್ತು. ನಿಮಗೂ ಸುದ್ದಿ ಮುಟ್ಟಿದೆ ಅಂದ್ಕೊಂಡ್ವಿ. ಎಷ್ಟು ಸಂತೋಷ ಆಯ್ತು ಗೊತ್ತಾ?"

ಬಾಳವ್ವನ ಕೈ ಎಲೆಯ ಮೇಲೆಯೇ ನಿಂತಿತು. ಆಸಿನಾ ಬಡಿಸುತ್ತಿದ್ದಳು. ಹೊಳೆಯ ಕಡೆಯಿಂದ ದನಿ ಬಂತು.

ತನ್ನ ದನಿಯನ್ನು ಅವಳು ಆ ದಂಡೆಯಿಂದ ಎಂದೂ ಕೇಳಿರಲಿಲ್ಲ. ಅಷ್ಟು ಸ್ಪಷ್ಟವಾಗಿ, ಅಷ್ಟು ಚಂದವಾಗಿ ಕೇಳುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಮೊದಲು ಕಮಿಷನರರ ಕಾಗದ ಬಂತು. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಹಳೆಯ ಕಾಗದ ಎಂಬಂತೆ ಕೈ ಆಡಿಸಿದರು. ಆಮೇಲೆ ಅವಳು ಉಸಿರು ತುಂಬಿಕೊಂಡ ಸದ್ದು. ಆಮೇಲೆ ಅವಳ ಸ್ವಂತ ಮಾತು. ಕಾಕಾ ಎಂದಿದ್ದು, ಮಗಳ ಜ್ವರ ಎಂದಿದ್ದು, ಹೊಳೆ ತುಂಬ ನೀರಿದೆ ಎಂದಿದ್ದು, ಒಂದಕ್ಷರ ಬಿಡದೆ ಅಂಗಳದ ಎಲ್ಲರ ಕಿವಿಗೂ ಬಿತ್ತು. ಅದರ ಹಿಂದೆಯೇ ನಮ್ಮೂರಿನ ನಗು ಬಂತು. ಬಾಣಲೆಗೆ ಜಾರೆ ಬಡಿದ ಸದ್ದೂ ಬಂತು. ಆ ನಗು ಬೇಗ ಮುಗಿಯಲಿಲ್ಲ.

ಎಲ್ಲರ ಕೈಗಳೂ ಎಲೆಯಲ್ಲೇ ನಿಂತಿದ್ದವು. ಆಸಿನಾ ಒಬ್ಬಳೇ ಓಡಾಡುತ್ತಿದ್ದಳು. ಬಾಳವ್ವನ ಮುಂದೆ ಬಗ್ಗಿ, "ಇನ್ನೊಂದು ಸ್ವಲ್ಪ?" ಎಂದು ಅನ್ನ ಹಾಕಿದಳು. ತನ್ನ ದನಿ ತನಗೆ ಕೇಳದವರು ಮಾತಾಡುವಂತೆ ಜೋರಾಗಿ, ಏರಿಳಿತವಿಲ್ಲದೆ ಮಾತಾಡುತ್ತಿದ್ದಳು. ಸುತ್ತ ನೋಡಿ, "ಯಾಕೆ ಎಲ್ಲರೂ ಕೈ ನಿಲ್ಲಿಸಿದ್ರಿ? ಉಪ್ಪು ಹೆಚ್ಚಾಯ್ತಾ?" ಎಂದಳು.

"ಇಲ್ಲ ಮಗ, ಸರಿಯಾಗಿದೆ," ಎಂದು ಸೆಹೆಲಿ ಅವಳ ಎದುರು ತುಟಿ ಆಡಿಸಿ ಹೇಳಿದಳು. ಬಾಳವ್ವ ತುತ್ತು ಎತ್ತಿ ಬಾಯಿಗಿಟ್ಟುಕೊಂಡಳು.

ನಮ್ಮ ಕಮಿಷನರ್ ಸಾಹೇಬರು ಗಂಟಲು ಸರಿಮಾಡಿಕೊಂಡು, "ಅದು ಆಗಿನ ನೀತಿ. ಎರಡೂ ಕಡೆಯಿಂದ ಮಾತು ಆಗ್ಯಾವು," ಎಂದರು. ಅವರ ಅಧಿಕಾರಿ, "ಖಂಡಿತ, ಖಂಡಿತ. ಇನ್ನು ಮುಂದಿನದು ನೋಡೋಣ," ಎಂದ. ಇಬ್ಬರೂ ಕರೆಂಟಿನ ಕಂಬಗಳನ್ನು ಎಲ್ಲಿಂದ ಎಲ್ಲಿಗೆ ನೆಡಬೇಕೆಂಬ ಮಾತಿಗೆ ಹೊರಳಿದರು. ದೇಶಗಳ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ಕೈ ತೊಳೆಯಲು ಎದ್ದಾಗ ಬಾಳವ್ವ ನರೂಬನ ಹಿಂದೆ ಹೋದಳು. ನಾನು ಚೊಂಬಿನಿಂದ ನೀರು ಹಾಕುತ್ತಿದ್ದೆ.

"ಕಾಕಾ, ಅದು ಕಾಗದದಾಗ..."

"ಬೇಡ," ಎಂದ ಅವನು. ಸಿಟ್ಟಿನಿಂದ ಹೇಳಲಿಲ್ಲ. "ಕಾಗದ ಎಲ್ಲಿ ಮುಗೀತು ಅಂತ ನನಗೆ ಗೊತ್ತಾಯ್ತು. ಅಲ್ಲಿ ನೀನು ಉಸಿರು ತುಂಬ್ಕೊಂಡೆ. ಅದು ನಿಮ್ಮಪ್ಪ ಇಬ್ಬರಿಗೂ ಹೇಳಿಕೊಟ್ಟ ಉಸಿರು." ಪಂಚೆಯ ತುದಿಗೆ ಕೈ ಒರೆಸಿಕೊಂಡ. "ನಾನೂ ನಿಮ್ಮನ್ನ ಬಯ್ದಿದ್ದೀನಿ. ಬರೆದುಕೊಟ್ಟಿದ್ದು ಬಿಟ್ಟು ಒಂದು ಮಾತೂ ಆಡಲಿಲ್ಲ ನಾನು. ಔಷಧ ಕೇಳಿದ್ದು, ನಿನ್ನೆ ಊಟಕ್ಕೆ ಕರೆದಿದ್ದು ಬಿಟ್ಟು."

ಮಂತ್ರಿ ಬಂದರು, ಸಹಿಯಾಯಿತು. ಶುಭಾಶಯದ ನುಡಿಯನ್ನು ಬಾಳವ್ವನ ಬದಲು ಇನ್ನೊಬ್ಬರು ಓದಿದರು. ನಾವು ಮನೆ ಸೇರಿದಾಗ ನನ್ನ ಗಂಡ ಜಗುಲಿಯಲ್ಲೇ ಕಾಯುತ್ತಿದ್ದ. "ತಂಗೀ, ಸಂಜೀಕ ನರೂಬನ ಕೂಗು ಬಂದಿತ್ತು. ನಿನ್ನ ಹೆಸರು ಹಿಡದು ಊಟಕ್ಕ ಕರದಾನ. ಕೇಳಾಕ ದಂಡ್ಯಾಗ ಮಂದೀನ ಇರಲಿಲ್ಲ, ನಾ ಒಬ್ಬಾವ ಇದ್ದೆ," ಎಂದ.

ಅವಳು ಮತ್ತೆ ಕಲ್ಲು ಹತ್ತಲಿಲ್ಲ. ಗಂಟಲು ಹೋಯಿತು ಎಂದಳು, ಯಾರೂ ಹೆಚ್ಚು ಕೇಳಲಿಲ್ಲ. ಈಗ ಎರಡೂ ದಂಡೆಗಳ ನಡುವೆ ಫೋನಿನ ತಂತಿ ಎಳೆದಿದ್ದರು, ಕೂಗುವ ಕೆಲಸವೂ ಇರಲಿಲ್ಲ. ಕರೆಂಟು ಬಂತು. ಬೆಲ್ಲದ ಜೊತೆ ಸಿಮೆಂಟು ಆ ಕಡೆ ಹೋಯಿತು, ಉಣ್ಣೆಯ ಜೊತೆ ಸೇಬು ಈ ಕಡೆ ಬಂತು. ಸೇತುವೆಯನ್ನು ಅಗಲ ಮಾಡಿದರು. ಒಪ್ಪಂದದ ವರ್ಷಾಚರಣೆಗೆ ಕಮಿಷನರ್ ಸಾಹೇಬರು ಬಾಳವ್ವನನ್ನು "ಎರಡು ದೇಶಗಳ ಸ್ನೇಹದ ದನಿ" ಎಂದು ಕರೆದು ಶಾಲು ಹೊದಿಸಲು ಕರೆಕಳಿಸಿದರು. ಅವಳು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಬಂದವರು ಹೋಗುವವರೆಗೂ ಕಬ್ಬಿನ ಗದ್ದೆಯಲ್ಲಿ ನಿಂತಿದ್ದಳು.

ಅವಳನ್ನು ನಿಜಕ್ಕೂ ಹಣ್ಣು ಮಾಡಿದ್ದು ಆಸಿನಾ. ಆ ಹುಡುಗಿ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಬಾಳವ್ವನ ಮುಂದೆ ಕೂತು ತುಟಿ ನೋಡುತ್ತ ಕಥೆ ಕೇಳುತ್ತಿದ್ದಳು. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದ ಹುಡುಗಿ ನೀವೇ ಅಲ್ಲವೇ ಎಂದು ಕೇಳಿ ನಗುತ್ತಿದ್ದಳು. ಒಮ್ಮೆ ತಾನೇ ನೇಯ್ದ ಮೈಹೊದಿಕೆ ತಂದು ಬಾಳವ್ವನ ಹೆಗಲಿಗೆ ಹಾಕಿದಳು. ಅವಳು ಹೋದ ಮೇಲೆ ಬಾಳವ್ವ ಅದನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಆ ಚಳಿಗಾಲವಿಡೀ ನಡುಗಿದಳೇ ಹೊರತು ಹೊರಗೆ ತೆಗೆಯಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, "ವೈನಿ, ಆ ಕಡೆ ಹೋಗಿ ಬರೂಣು, ನಡಿ," ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ನರೂಬ ಮನೆಯಲ್ಲಿರಲಿಲ್ಲ. ಆಸಿನಾ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ನಮ್ಮನ್ನು ಕಂಡು ಎದ್ದವಳನ್ನು ಬಾಳವ್ವ ಕೈ ಹಿಡಿದು ಕೂರಿಸಿ, ಎದುರಿಗೆ ಕೂತಳು. ಜ್ವರದ ಸುದ್ದಿ ಹೊಳೆಯಿಂದ ಬಂದಿದ್ದು, ತಾನು ಸುಮ್ಮನಿದ್ದಿದ್ದು, ಆಮೇಲೆ ಆ ಸಂಜೆ ತಾನು ಕೂಗಿದ್ದು, ಎಲ್ಲವನ್ನೂ ಹೇಳಿದಳು. ಹೊಳೆ ದಾಟಿಸುವ ದನಿಯವಳು, ದನಿ ಹೊರಡಿಸದೆ ಬರೀ ತುಟಿಯಲ್ಲಿ ಹೇಳಿದಳು. ತುಟಿ ಅದುರುತ್ತಿತ್ತು. ಹುಡುಗಿ ಹುಬ್ಬು ಗಂಟಿಕ್ಕಿ ನೋಡಿದಳು.

"ಕೊನೇದು ತಿಳೀಲಿಲ್ಲ. ಇನ್ನೊಂದು ಸಲ ಹೇಳಿ," ಎಂದಳು.

ಬಾಳವ್ವ ಇನ್ನೊಂದು ಸಲ ಹೇಳಿದಳು. ಹುಡುಗಿ ತಲೆಯಾಡಿಸಿದಳು, ತಿಳಿಯಲಿಲ್ಲ. ಬಾಳವ್ವ ಮುಖ ಮುಂದೆ ತಂದು, ಒಂದೊಂದೇ ಅಕ್ಷರವನ್ನು ಬಿಡಿಸಿ ಮತ್ತೆ ಹೇಳಿದಳು.

"ಹೊಳೆ ತುಂಬ ನೀರಿದೆ, ಅದನ್ನ ಕುಡಿಸು," ಎಂದು ಆಸಿನಾ ತನ್ನ ಆ ಜೋರು ದನಿಯಲ್ಲಿ ಒಪ್ಪಿಸಿದಳು. "ಇದೇ ತಾನೆ?"

ಒಳಗಿದ್ದ ಸೆಹೆಲಿ ಬಾಗಿಲಿಗೆ ಬಂದು ನಿಂತಳು. ಬಾಳವ್ವ ಹೌದೆಂದು ತಲೆ ಹಾಕಿದಳು.

"ಜನ ನಕ್ಕರಾ?"

"ನಕ್ಕರವಾ. ನಾನೂ ನಕ್ಕೆ."

ಹುಡುಗಿ ಇನ್ನೂ ಏನಾದರೂ ಬರಬಹುದೆಂದು ಆ ತುಟಿಗಳನ್ನೇ ನೋಡಿದಳು. ಏನೂ ಬರಲಿಲ್ಲ. ಆಮೇಲೆ ಕೈ ಬಿಡಿಸಿಕೊಂಡು, ಕೆಳಗಿಟ್ಟಿದ್ದ ಉಣ್ಣೆಯನ್ನು ಎತ್ತಿಕೊಂಡು ಹಿಂಜತೊಡಗಿದಳು. ಮುಖ ಮೇಲೆತ್ತಲಿಲ್ಲ. ಅವಳು ನೋಡದಿದ್ದರೆ ಅವಳಿಗೆ ಏನನ್ನೂ ಹೇಳುವಂತಿರಲಿಲ್ಲ.

ಸಂಜೆಯ ಬಿಸಿಲು ಗೋಡೆಯ ಮೇಲೆ ಹತ್ತಿತು. ನಾನು ಬಾಳವ್ವನ ಭುಜ ಮುಟ್ಟಿ, "ಏಳು, ಹೋಗೂಣು," ಎಂದೆ.

"ಆಕಿ ಹೋಗು ಅನ್ನಲಿ, ವೈನಿ," ಎಂದಳು. "ಆಕಿ ಬಾಯಿಲೆ ಹೋಗು ಅನ್ನಲಿ, ಆಮ್ಯಾಲೆ ಏಳತೀನಿ."

ಸೆಹೆಲಿ ಒಳಗೆ ಹೋಗಿ ದೀಪ ಹಚ್ಚಿದಳು. ಆ ಹುಡುಗಿ ಹೋಗು ಅನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ.